ಪಕ್ಕದ ಕೋಣೆಯ ಕಂಪ್ಯೂಟರ್ ಏಕೆ ಸಿಗುವುದಿಲ್ಲ?

ಒಂದೇ ಮನೆಯ ಎರಡು ವಿಂಡೋಸ್ ಕಂಪ್ಯೂಟರ್‌ಗಳ ನಡುವೆ ಕಡತಗಳ ಹಂಚಿಕೆ ನಡೆಯದಿದ್ದಾಗ, ಇನ್ನೊಂದು ಕಂಪ್ಯೂಟರ್ ಕಣ್ಣಿಗೇ ಬೀಳುತ್ತಿಲ್ಲವೋ ಅಥವಾ ಕಂಡರೂ ಒಳಗೆ ಬಿಡುತ್ತಿಲ್ಲವೋ ಎಂಬುದನ್ನು ಮೊದಲು ಬೇರ್ಪಡಿಸಿ ನೋಡಬೇಕಾಗುತ್ತದೆ. ಏಕೆಂದರೆ ಹೊರನೋಟಕ್ಕೆ ಒಂದೇ ಎನಿಸುವ ಈ ಎರಡು ತೊಂದರೆಗಳ ಮೂಲವೂ ಪರಿಹಾರವೂ ಬೇರೆಬೇರೆ.

ಕಡತಗಳನ್ನು ಸಾಗಿಸುವ ಕೆಲಸ ಎಸ್‌ಎಂಬಿ ಎಂಬ ನಿಯಮಾವಳಿಯದು. ಒಂದು ಕಂಪ್ಯೂಟರ್ ಇನ್ನೊಂದರ ಫೋಲ್ಡರನ್ನು ಕೇಳಿ ಪಡೆಯುವ ಕ್ರಮವನ್ನು ಅದು ಗೊತ್ತುಪಡಿಸುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ 'ನೆಟ್‌ವರ್ಕ್' ಪಟ್ಟಿಯಲ್ಲಿ ಹೆಸರುಗಳನ್ನು ತೋರಿಸುವುದು ಮಾತ್ರ 'ನೆಟ್‌ವರ್ಕ್ ಡಿಸ್ಕವರಿ' ಎಂಬ ಪ್ರತ್ಯೇಕ ವ್ಯವಸ್ಥೆ. ಬಾಗಿಲಿಗೆ ನಾಮಫಲಕವಿಲ್ಲದ ಮಾತ್ರಕ್ಕೆ ಮನೆಗೆ ಬೀಗ ಬಿದ್ದಿದೆ ಎನ್ನಲಾಗದಂತೆ, ಪಟ್ಟಿ ಖಾಲಿಯಿದ್ದರೂ ದಾರಿ ತೆರೆದೇ ಇರಬಹುದು. ಇದನ್ನು ಪರೀಕ್ಷಿಸಲು ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ \\192.168.1.5 ಎಂಬ ರೀತಿಯಲ್ಲಿ ಇನ್ನೊಂದು ಕಂಪ್ಯೂಟರಿನ ಐಪಿ ವಿಳಾಸವನ್ನು, ಅಂದರೆ ರೌಟರ್ ಅದಕ್ಕೆ ಕೊಟ್ಟಿರುವ ಸಂಖ್ಯೆಯನ್ನು, ನೇರವಾಗಿ ಟೈಪ್ ಮಾಡಿದರೆ ಸಾಕು. ಫೋಲ್ಡರ್ ತೆರೆದುಕೊಂಡರೆ ದೋಷ ಪಟ್ಟಿಯಲ್ಲಷ್ಟೇ ಇದೆ. ಕಾಣದ ಕಂಪ್ಯೂಟರಿನಲ್ಲಿ 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್' ಎಂಬ ಸೇವೆ ನಿಂತುಹೋಗಿರುವ ಸಂಭವ ಹೆಚ್ಚು.

ನೇರ ವಿಳಾಸಕ್ಕೂ ಉತ್ತರ ಬಾರದಿದ್ದರೆ ದಾರಿಯನ್ನೇ ಶಂಕಿಸಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್' ಆದೇಶ ಕೊಟ್ಟಾಗ ಕಾಣುವ ವಿಳಾಸ 169.254 ಎಂದು ಆರಂಭವಾಗಿದ್ದರೆ ರೌಟರ್‌ನಿಂದ ವಿಳಾಸವೇ ದೊರೆತಿಲ್ಲವೆಂದು ತಿಳಿಯಬೇಕು. ಎರಡೂ ಕಂಪ್ಯೂಟರ್‌ಗಳ ವಿಳಾಸದ ಮೊದಲ ಮೂರು ಸಂಖ್ಯೆಗಳು ಬೇರೆಯಾಗಿದ್ದರೆ, ಒಂದು ಫೈಬರ್ ಸಂಪರ್ಕದ ಪೆಟ್ಟಿಗೆಗೂ ಇನ್ನೊಂದು ಮನೆಯವರು ಪ್ರತ್ಯೇಕವಾಗಿ ಕೊಂಡ ರೌಟರ್‌ಗೂ ಸೇರಿ, ಅವೆರಡೂ ಬೇರೆಬೇರೆ ಜಾಲಗಳಲ್ಲಿ ಕುಳಿತಿರಬಹುದು. ಅತಿಥಿಗಳಿಗೆಂದು ಮೀಸಲಾದ 'ಗೆಸ್ಟ್' ವೈ-ಫೈ ತನ್ನೊಳಗಿನ ಸಾಧನಗಳನ್ನು ಸಾಮಾನ್ಯವಾಗಿ ಉಳಿದವುಗಳಿಂದ ದೂರವಿಡುತ್ತದೆ. ಇವೆಲ್ಲ ಸರಿಯಿದ್ದರೂ ವಿಂಡೋಸ್ ಆ ಜಾಲವನ್ನು 'ಪಬ್ಲಿಕ್' ಎಂದು ಗುರುತಿಸಿಕೊಂಡಿದ್ದರೆ ಫೈರ್‌ವಾಲ್ ಹಂಚಿಕೆಯನ್ನು ತಡೆಯುತ್ತದೆ. ಅದನ್ನು 'ಪ್ರೈವೇಟ್' ಎಂದು ಬದಲಿಸುವುದೇ ಸರಿಯಾದ ಉಪಾಯವೇ ಹೊರತು, ಅನೇಕರು ಸೂಚಿಸುವಂತೆ ಫೈರ್‌ವಾಲನ್ನೇ ಆರಿಸಿಬಿಡುವುದಲ್ಲ.

ದಾರಿ ತೆರೆದಿದ್ದೂ ಪ್ರವೇಶ ಸಿಗದಿದ್ದರೆ ಪ್ರಶ್ನೆ ಗುರುತಿನದು. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳಿದಾಗ ಕೊಡಬೇಕಾದದ್ದು ಎದುರಿನ ಕಂಪ್ಯೂಟರಿನ ಖಾತೆಯ ವಿವರ. ಪಿನ್ ಆಯಾ ಯಂತ್ರಕ್ಕಷ್ಟೇ ಸೀಮಿತವಾದ್ದರಿಂದ ಅದು ಇಲ್ಲಿ ನಡೆಯದು (ವರ್ಷಗಟ್ಟಲೆ ಪಿನ್ ಒತ್ತಿ ಪಾಸ್‌ವರ್ಡ್ ಮರೆತವರಿಗೆ ಇದೊಂದು ಫಜೀತಿ). ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ಜಾಲದ ಮೂಲಕ ಒಳಬಿಡುವುದಿಲ್ಲ. ಇನ್ನು ಫೋಲ್ಡರ್‌ಗೆ ಎರಡು ಬಗೆಯ ಅನುಮತಿಗಳಿವೆ: ಹಂಚಿಕೆಯ ಅನುಮತಿ ಒಂದು, ಡಿಸ್ಕ್ ಮೇಲಿನ ಕಡತದ ಅನುಮತಿ ಮತ್ತೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ಅಂತಿಮವಾದ್ದರಿಂದ, ಒಂದನ್ನಷ್ಟೇ ಸಡಿಲಿಸಿದವರು ತಾವು ಎಲ್ಲವನ್ನೂ ಸರಿಮಾಡಿದ್ದೇವೆಂದು ಭಾವಿಸಿ ಗೊಂದಲಕ್ಕೀಡಾಗುತ್ತಾರೆ.

ಹಳೆಯ ಮಾರ್ಗದರ್ಶಿಗಳು ಹೇಳುವ 'ಹೋಮ್‌ಗ್ರೂಪ್' ಸೌಲಭ್ಯವನ್ನು ಮೈಕ್ರೋಸಾಫ್ಟ್ 2018ರಲ್ಲಿ ವಿಂಡೋಸ್ 10ರಿಂದ ತೆಗೆದುಹಾಕಿದೆ. ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮರಳಿ ಚಾಲೂ ಮಾಡಬೇಕೆಂಬ ಸಲಹೆಯಂತೂ ಅಪಾಯಕಾರಿ: 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ 'ವಾನಾಕ್ರೈ' ಎಂಬ ಸುಲಿಗೆ ತಂತ್ರಾಂಶ ಬಳಸಿಕೊಂಡದ್ದು ಅದೇ ಆವೃತ್ತಿಯ ದೋಷವನ್ನು. ಆ ಆವೃತ್ತಿಯನ್ನು ಬಿಟ್ಟು ಬೇರೊಂದನ್ನು ಅರಿಯದ ಹಳೆಯ ಶೇಖರಣಾ ಪೆಟ್ಟಿಗೆ ಮನೆಯಲ್ಲಿದ್ದರೆ, ಅದರ ಕಡತಗಳನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲಿಸಿಕೊಂಡು ಪೆಟ್ಟಿಗೆಯನ್ನು ಜಾಲದಿಂದ ಕಳಚಿಡುವುದೇ ಕ್ಷೇಮ.