ಫೋನ್‌ನಲ್ಲಿರೋ ಗೊತ್ತಿಲ್ಲದ ಆ್ಯಪ್ ಎಲ್ಲಾ ಕಳ್ಳ ಅಲ್ಲ: ಯಾವುದನ್ನ ಮುಟ್ಟಬಾರದು, ಯಾವುದನ್ನ ಕಿತ್ತು ಹಾಕಬೇಕು?

ಮಂಡ್ಯ: 2025ರ ಆಗಸ್ಟ್ ಕೊನೆಯಲ್ಲಿ ನಡೆದದ್ದು ಬಹಳ ಜನಕ್ಕೆ ನೆನಪಿರಬಹುದು. ರಾತ್ರಿ ಮಲಗುವಾಗ ಒಂದು ಥರ ಇದ್ದ ಕಾಲ್ ಸ್ಕ್ರೀನ್ ಬೆಳಗ್ಗೆ ಏಳೋ ಹೊತ್ತಿಗೆ ಇನ್ನೊಂದು ಥರ ಆಗಿತ್ತು. ಬಟನ್ ದೊಡ್ಡದಾಗಿತ್ತು, ಕಾಲ್ ಎತ್ತೋ ರೀತಿ ಬದಲಾಗಿತ್ತು, ಕಾಲ್ ಲಿಸ್ಟ್ ಬೇರೆ ಜಾಗಕ್ಕೆ ಹೋಗಿತ್ತು. "ನಾನೇನೂ ಒತ್ತಿಲ್ಲ ಕಣಣ್ಣ, ಅದಾಗದೇ ಹಿಂಗಾಗೋಯ್ತು. ಯಾರಾದ್ರೂ ಹ್ಯಾಕ್ ಮಾಡವ್ರಾ?" ಅನ್ನೋ ಅನುಮಾನ ಎಲ್ಲ ಕಡೆ ಹಬ್ಬಿತು.

ಅದು ಹ್ಯಾಕ್ ಆಗಿರಲಿಲ್ಲ. ಗೂಗಲ್ ಕಂಪನಿ ತನ್ನ 'ಫೋನ್' ಆ್ಯಪ್‌ನ ವಿನ್ಯಾಸ ಬದಲಿಸಿ ಅಪ್‌ಡೇಟ್ ಬಿಟ್ಟಿತ್ತು. ಹಳೇದೇ ಬೇಕು ಅನ್ನೋರು ಫೋನ್ ಆ್ಯಪ್ ಚಿತ್ರವನ್ನ ಒತ್ತಿ ಹಿಡಿದು, ಆ್ಯಪ್ ಇನ್ಫೋಗೆ ಹೋಗಿ, ಮೇಲಿನ ಮೂರು ಚುಕ್ಕಿ ಒತ್ತಿ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಮಾಡಿದರೆ ಹಳೇ ರೂಪ ವಾಪಸ್ ಬರುತ್ತಿತ್ತು.

ಆದರೆ ಹೀಗೆ ಭಯ ಬಿದ್ದವರು ಅಲ್ಲಿಗೇ ನಿಲ್ಲಲ್ಲ. ಸೆಟ್ಟಿಂಗ್ಸ್ ಒಳಗೆ ಹೋಗಿ ಆ್ಯಪ್‌ಗಳ ಪಟ್ಟಿ ತೆಗೀತಾರೆ. ಅಲ್ಲಿ 'ಕಾಲ್ ಮ್ಯಾನೇಜ್‌ಮೆಂಟ್', 'ಫೋನ್ ಸರ್ವೀಸಸ್', 'ಐಎಂಎಸ್ ಸರ್ವೀಸ್', 'ಕ್ಯಾರಿಯರ್ ಸರ್ವೀಸಸ್', 'ಸಿಮ್ ಟೂಲ್‌ಕಿಟ್' ಅಂತ ತಾವು ಯಾವತ್ತೂ ಹಾಕದ ಹೆಸರುಗಳು ಕಾಣುತ್ತವೆ. 'ಇದೇ ಕಳ್ಳ' ಅಂದುಕೊಂಡು ಡಿಸೇಬಲ್ ಒತ್ತುತ್ತಾರೆ, ಇಲ್ಲಾ ಡೇಟಾ ಕ್ಲಿಯರ್ ಮಾಡುತ್ತಾರೆ. ಆಮೇಲೆ ಕಾಲ್ ಬರಲ್ಲ, ಒಟಿಪಿ ಬರಲ್ಲ, ಹಳೇ ಮೆಸೇಜ್ ಇರಲ್ಲ.

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲೋಡ್ ಕಳಿಸೋರಿಗೆ, ಮಂಡ್ಯ ಎಪಿಎಂಸಿಗೆ ಬೆಲ್ಲ ತರೋ ಆಲೆಮನೆಯವರಿಗೆ, ಮಳವಳ್ಳಿಯಲ್ಲಿ ಡೈರಿ ದುಡ್ಡಿನ ಮೆಸೇಜ್‌ಗೆ ಕಾಯೋ ಮನೆಗಳಿಗೆ ಒಂದು ದಿನ ಫೋನ್ ನಿಂತರೆ ವ್ಯವಹಾರವೇ ನಿಂತ ಹಾಗೆ. ಅದಕ್ಕೇ ಫೋನ್ ಒಳಗಿನ ಈ ಆ್ಯಪ್‌ಗಳು ಏನು ಮಾಡುತ್ತವೆ, ನಿಜವಾದ ಕಳ್ಳ ಯಾವ ಬಾಗಿಲಿಂದ ಬರ್ತಾನೆ ಅನ್ನೋದು ಗೊತ್ತಿರಬೇಕು.

ಕಣ್ಣಿಗೆ ಕಾಣೋದು ಒಂದು, ಕೆಲಸ ಮಾಡೋರು ಹಲವರು

ಆಲೆಮನೆಗೆ ಹೋದವರ ಕೈಗೆ ಸಿಗೋದು ಬೆಲ್ಲ. ಆದರೆ ಹಿಂದೆ ಕಬ್ಬು ಅರೆಯೋರು, ಒಲೆಗೆ ಸಿಪ್ಪೆ ಹಾಕೋರು, ಕೊಪ್ಪರಿಗೆ ಹತ್ತಿರ ನಿಂತು ಪಾಕ ನೋಡೋರು ಬೇರೆ ಬೇರೆ ಇರ್ತಾರೆ. ಒಬ್ಬರು ಎದ್ದು ಹೋದರೂ ಬೆಲ್ಲ ಆಗಲ್ಲ. ಫೋನ್ ಕೂಡ ಹಂಗೇ. ನಂಬರ್ ಒತ್ತೋ ಹಸಿರು ಬಟನ್ನಿನ ಆ್ಯಪ್ ಬರೀ ಮುಂಬಾಗಿಲು. ಕೆಲಸ ನಡೆಯೋದು ಹಿಂದೆ.

ಕಾಲ್ ಮ್ಯಾನೇಜ್‌ಮೆಂಟ್: ಎರಡು ಸಿಮ್ ಇದ್ದರೆ ಯಾವುದರಿಂದ ಕಾಲ್ ಹೋಗಬೇಕು, ಧ್ವನಿ ಸ್ಪೀಕರ್‌ಗೆ ಹೋಗಬೇಕಾ ಬ್ಲೂಟೂತ್‌ಗೆ ಹೋಗಬೇಕಾ, ಒಂದು ಕಾಲ್‌ನಲ್ಲಿ ಇರುವಾಗ ಇನ್ನೊಂದು ಬಂದರೆ ಏನು ಮಾಡಬೇಕು ಅನ್ನೋದನ್ನ ನೋಡಿಕೊಳ್ಳೋದು ಇದು.

ಫೋನ್ ಸರ್ವೀಸಸ್: ಸಿಮ್ ಜೊತೆ, ಟವರ್ ಜೊತೆ ಮಾತಾಡೋ ಕೆಲಸ ಇದರದ್ದು. 'ಕಾಮ್ ಡಾಟ್ ಆಂಡ್ರಾಯ್ಡ್ ಡಾಟ್ ಫೋನ್' ಅನ್ನೋ ಉದ್ದದ ಹೆಸರು ಕಂಡರೆ ಅದು ಇದೇ. ಇದು ನಿಂತರೆ ಸಿಮ್ ಇದ್ದರೂ ಇಲ್ಲದ ಹಾಗೆ.

ಐಎಂಎಸ್ ಸರ್ವೀಸ್: 4ಜಿ, 5ಜಿ ನೆಟ್‌ವರ್ಕ್‌ನಲ್ಲಿ ಮಾತು ಕೂಡ ಇಂಟರ್ನೆಟ್ ಡೇಟಾ ಥರವೇ ಹರಿಯುತ್ತದೆ. ಅದಕ್ಕೆ ವೋಲ್ಟಿ ಅಂತಾರೆ. ಅದನ್ನ ನಡೆಸೋದು ಈ ಐಎಂಎಸ್. ಜಿಯೋ 2016ರ ಸೆಪ್ಟೆಂಬರ್ 5ರಂದು ಶುರುವಾದಾಗಲೇ 2ಜಿ, 3ಜಿ ಇಲ್ಲದೆ 4ಜಿ ಮೇಲೇ ಬಂತು. ಹಾಗಾಗಿ ಜಿಯೋ ಸಿಮ್ ಇರೋರು ಇದನ್ನ ನಿಲ್ಲಿಸಿದರೆ ಮಾಮೂಲಿ ಕಾಲ್‌ಗೇ ಕುತ್ತು. 2ಜಿ ಇರುವ ಬೇರೆ ಕಂಪನಿ ಸಿಮ್ ಆದರೆ ಕಾಲ್ 2ಜಿಗೆ ಇಳಿಯುತ್ತದೆ, ಮಾತಾಡೋವಾಗ ನೆಟ್ ನಿಲ್ಲುತ್ತದೆ.

ಫೋನ್ ಅಂಡ್ ಮೆಸೇಜಿಂಗ್ ಸ್ಟೋರೇಜ್: ನಿಮ್ಮ ಎಸ್‌ಎಂಎಸ್ ಎಲ್ಲಾ ಕೂತಿರೋ ಗೋಡೌನ್ ಇದು. 'ಜಾಗ ತುಂಬಿದೆ' ಅಂತ ಇದರ ಡೇಟಾ ಕ್ಲಿಯರ್ ಮಾಡಿದರೆ ಮೆಸೇಜ್ ಎಲ್ಲಾ ಹೋಗುತ್ತದೆ. ಗಿರಾಕಿ ಕಳಿಸಿದ ಲೆಕ್ಕ, ಬ್ಯಾಂಕ್ ಮೆಸೇಜ್ ಯಾವುದೂ ಉಳಿಯಲ್ಲ. ಇದನ್ನ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ.

ಕ್ಯಾರಿಯರ್ ಸರ್ವೀಸಸ್: ಗೂಗಲ್‌ನ ಮೆಸೇಜಸ್ ಆ್ಯಪ್‌ನಲ್ಲಿ ವಾಟ್ಸಾಪ್ ಥರ ಚಾಟ್ ಮಾಡೋ ಸೌಲಭ್ಯ ಇದೆ. ಅದಕ್ಕೆ ನೆರವಾಗೋ ಆ್ಯಪ್ ಇದು.

ಸಿಮ್ ಟೂಲ್‌ಕಿಟ್: ಸಿಮ್ ಕಂಪನಿಯ ಮೆನು. ಇದ್ದಕ್ಕಿದ್ದ ಹಾಗೆ ಸ್ಕ್ರೀನ್ ಮಧ್ಯೆ ಜಾಹೀರಾತು ಬಂದು 'ಓಕೆ, ಕ್ಯಾನ್ಸಲ್' ಕೇಳುತ್ತದಲ್ಲ, ಅದು ಬಹುತೇಕ ಇಲ್ಲಿಂದ ಬರೋದು. ಓದದೆ ಓಕೆ ಒತ್ತಬೇಡಿ. ಸಿಮ್ ಟೂಲ್‌ಕಿಟ್ ತೆರೆದು ಒಳಗೆ ಹುಡುಕಿದರೆ ಆ ಮೆಸೇಜ್ ನಿಲ್ಲಿಸೋ ಆಯ್ಕೆ ಸಾಮಾನ್ಯವಾಗಿ ಸಿಗುತ್ತದೆ. ಕಂಪನಿಯಿಂದ ಕಂಪನಿಗೆ ಹೆಸರು ಬೇರೆ ಇರುತ್ತದೆ.

ತುರ್ತು ಎಚ್ಚರಿಕೆ: 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಎಲ್ಲರ ಫೋನ್ ಒಟ್ಟಿಗೆ ಜೋರಾಗಿ ಬಡಿದುಕೊಂಡಿತ್ತು. ಸರ್ಕಾರ ಪ್ರವಾಹ, ಭೂಕಂಪದಂಥ ಹೊತ್ತಿನ ಎಚ್ಚರಿಕೆ ವ್ಯವಸ್ಥೆಯನ್ನ ಪರೀಕ್ಷೆ ಮಾಡಿದ್ದು ಅದು. ಟವರ್ ತನ್ನ ವ್ಯಾಪ್ತಿಯ ಫೋನ್‌ಗಳಿಗೆಲ್ಲ ಒಂದೇ ಸಲ ಕೂಗಿ ಹೇಳುತ್ತದೆ, ಇದಕ್ಕೆ ನಿಮ್ಮ ನಂಬರ್ ಕೂಡ ಬೇಕಿಲ್ಲ. ಕಾವೇರಿ ದಂಡೆಯ ಊರುಗಳಲ್ಲಿ ಇದನ್ನ ಆನ್ ಇಟ್ಟುಕೊಳ್ಳೋದೇ ಒಳ್ಳೇದು.

ಈ ಆ್ಯಪ್‌ಗಳಲ್ಲಿ ಕೆಲವಕ್ಕೆ ಕಾಲ್, ಎಸ್‌ಎಂಎಸ್, ಕಾಂಟ್ಯಾಕ್ಟ್ ಹೀಗೆ ಎಲ್ಲಾ ಪರ್ಮಿಶನ್ ಇರೋದು ಕಂಡು ಗಾಬರಿ ಆಗಬೇಡಿ. ಅಂಚೆಯಣ್ಣನಿಗೆ ಎಲ್ಲರ ಮನೆ ವಿಳಾಸ ಗೊತ್ತಿರಲೇಬೇಕು, ಅದೇ ಅವನ ಕೆಲಸ.

ಒಟಿಪಿ ಬರ್ತಿಲ್ಲ ಅಂದ್ರೆ ಮೊದಲು ನೋಡಬೇಕಾದ್ದು

ಒಟಿಪಿ ಬರದಿದ್ದಕ್ಕೆ ಯಾವುದೋ ಆ್ಯಪ್ ಕಾರಣ ಅಂತ ಕೈ ಹಾಕೋ ಮುಂಚೆ ಮೂರು ವಿಷಯ ನೋಡಿ.

ಒಂದು, ಮೆಸೇಜ್ ಆ್ಯಪ್‌ನ 'ಸ್ಪ್ಯಾಮ್ ಅಂಡ್ ಬ್ಲಾಕ್ಡ್' ಜಾಗ. ಕೆಲವು ಸಲ ಅಸಲಿ ಮೆಸೇಜ್ ಕೂಡ ಅಲ್ಲಿ ಹೋಗಿ ಕೂತಿರುತ್ತದೆ.

ಎರಡು, ಸಿಮ್ ಬದಲಾಯಿಸಿದ್ದೀರಾ ಅನ್ನೋದು. ಸಿಮ್ ಕಳೆದು ಅದೇ ನಂಬರ್‌ಗೆ ಹೊಸ ಸಿಮ್ ತಗೊಂಡರೆ ಮೊದಲ 24 ಗಂಟೆ ಎಸ್‌ಎಂಎಸ್ ಹೋಗದ, ಬರದ ಹಾಗೆ ತಡೆಯಬೇಕು ಅಂತ ದೂರಸಂಪರ್ಕ ಇಲಾಖೆ 2022ರಲ್ಲೇ ಕಂಪನಿಗಳಿಗೆ ಸೂಚಿಸಿದೆ. ನಿಮ್ಮ ಹೆಸರಲ್ಲಿ ಬೇರೆಯವರು ಸಿಮ್ ತಗೊಂಡರೆ ಒಟಿಪಿ ಕದಿಯಬಾರದು ಅಂತ ಈ ನಿಯಮ. ಇದು ಫೋನ್ ತೊಂದರೆ ಅಲ್ಲ, ಒಂದು ದಿನ ಕಾಯಬೇಕು ಅಷ್ಟೇ.

ಮೂರು, ಸೆಟ್ಟಿಂಗ್ಸ್‌ನ 'ಡಿಫಾಲ್ಟ್ ಆ್ಯಪ್ಸ್'. ಆಂಡ್ರಾಯ್ಡ್‌ನಲ್ಲಿ ಒಂದು ಸಲಕ್ಕೆ ಒಂದೇ ಆ್ಯಪ್ ಎಸ್‌ಎಂಎಸ್ ಯಜಮಾನ ಆಗಿರಲು ಸಾಧ್ಯ. ಅಲ್ಲಿ ನಿಮ್ಮ ಮಾಮೂಲಿ ಮೆಸೇಜ್ ಆ್ಯಪ್ ಹೆಸರು ಇರಬೇಕು. ಗೊತ್ತಿಲ್ಲದ ಹೆಸರಿದ್ದರೆ ಆಗ ನಿಜವಾಗಲೂ ಯೋಚನೆ ಮಾಡಬೇಕು.

ಹಾಗಾದ್ರೆ ಕಳ್ಳ ಯಾರು?

ಕಳ್ಳ ಸಾಮಾನ್ಯವಾಗಿ ಫೋನ್ ಜೊತೆ ಬಂದಿರಲ್ಲ. ನೀವೇ ಬಾಗಿಲು ತೆಗೆದು ಒಳಗೆ ಕರೆದಿರುತ್ತೀರಿ.

ವಾಟ್ಸಾಪ್‌ಗೆ ಒಂದು ಫೈಲ್ ಬರುತ್ತದೆ. 'ಮದುವೆ ಆಮಂತ್ರಣ', 'ಆರ್‌ಟಿಒ ಚಲನ್', 'ಪಿಎಂ ಕಿಸಾನ್', 'ಬ್ಯಾಂಕ್ ಕೆವೈಸಿ' ಅಂತ ಹೆಸರಿರುತ್ತದೆ. ಕೊನೆಯಲ್ಲಿ 'ಎಪಿಕೆ' ಅಂತ ಇರುತ್ತದೆ. ಫೋಟೋನೋ ಪಿಡಿಎಫ್ಫೋ ಅಲ್ಲ, ಅದೊಂದು ಆ್ಯಪ್. ಕಳಿಸಿದವರು ಗೊತ್ತಿರೋರೇ ಆಗಿರಬಹುದು, ಯಾಕಂದ್ರೆ ಅವರ ಫೋನ್ ಮೊದಲೇ ಕಳ್ಳರ ಕೈ ಸೇರಿರುತ್ತದೆ. ಒತ್ತಿದರೆ ಇನ್‌ಸ್ಟಾಲ್ ಆಗಿ ಎಸ್‌ಎಂಎಸ್ ಓದೋಕೆ ಅನುಮತಿ ಕೇಳುತ್ತದೆ. 'ಅಲೋ' ಅಂದ ಮೇಲೆ ಬ್ಯಾಂಕ್ ಒಟಿಪಿ ನಿಮಗಿಂತ ಮುಂಚೆ ಅವರಿಗೆ ಹೋಗುತ್ತದೆ. ಕೆಲವು ಆ್ಯಪ್ ತನ್ನ ಚಿತ್ರವನ್ನೇ ಮರೆಮಾಡಿಕೊಳ್ಳುತ್ತವೆ, ಇನ್ನು ಕೆಲವು 'ಸಿಸ್ಟಂ ಅಪ್‌ಡೇಟ್' ಥರದ ಹೆಸರಿಟ್ಟುಕೊಂಡು ಕೂರುತ್ತವೆ.

ಹಾಗಾದರೆ ಅಸಲಿ ಸಿಸ್ಟಂ ಆ್ಯಪ್ ಯಾವುದು, ವೇಷ ಹಾಕಿದ್ದು ಯಾವುದು? ಹೆಸರು ನೋಡಬೇಡಿ, ಬಟನ್ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆಯಿರಿ. ಕಾಲ್, ಮೆಸೇಜ್ ನಡೆಸೋ ಅಸಲಿ ಸಿಸ್ಟಂ ಆ್ಯಪ್‌ಗೆ 'ಅನ್‌ಇನ್‌ಸ್ಟಾಲ್' ಇರಲ್ಲ, 'ಡಿಸೇಬಲ್' ಇರುತ್ತದೆ ಅಥವಾ ಅದೂ ಮಸುಕಾಗಿರುತ್ತದೆ. ಆಮೇಲೆ ಹಾಕಿದ ಆ್ಯಪ್‌ಗೆ 'ಅನ್‌ಇನ್‌ಸ್ಟಾಲ್' ಇರುತ್ತದೆ. ಬಹಳಷ್ಟು ಫೋನ್‌ಗಳಲ್ಲಿ ಕೆಳಗೆ 'ಆ್ಯಪ್ ಡೀಟೇಲ್ಸ್' ಅಂತ ಇದ್ದು, ಪ್ಲೇ ಸ್ಟೋರ್‌ನಿಂದ ಬಂತಾ ಬೇರೆ ಕಡೆಯಿಂದ ಬಂತಾ ಅಂತ ಬರೆದಿರುತ್ತದೆ. ನಿಮಗೆ ಗೊತ್ತಿಲ್ಲದ ಆ್ಯಪ್, ಪ್ಲೇ ಸ್ಟೋರ್‌ನಿಂದ ಬಂದಿಲ್ಲ, ಎಸ್‌ಎಂಎಸ್ ಅನುಮತಿ ಇದೆ ಅಂದ್ರೆ ಅನುಮಾನವೇ ಬೇಡ, ತೆಗೆಯಬೇಕಾದ್ದು ಅದನ್ನೇ. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಅಡ್ಮಿನ್' ಅಂತ ಹುಡುಕಿ, ಅದರ ಮುಂದಿನ ಟಿಕ್ ತೆಗೆದು ಆಮೇಲೆ ಪ್ರಯತ್ನಿಸಿ.

ಪರ್ಮಿಶನ್ ನೋಡೋದೂ ಸುಲಭ. ಸೆಟ್ಟಿಂಗ್ಸ್‌ನಲ್ಲಿ 'ಪರ್ಮಿಶನ್ ಮ್ಯಾನೇಜರ್' ತೆರೆದು ಎಸ್‌ಎಂಎಸ್ ಒತ್ತಿ. ಯಾರ್ಯಾರು ನಿಮ್ಮ ಮೆಸೇಜ್ ಓದಬಹುದು ಅನ್ನೋ ಪಟ್ಟಿ ಬರುತ್ತದೆ. ಹಣ ಕಳಿಸೋ ಯುಪಿಐ ಆ್ಯಪ್ ಅಲ್ಲಿರೋದು ಸಹಜ. ಟಾರ್ಚ್ ಆ್ಯಪ್‌ಗೋ, ಗೇಮ್‌ಗೋ ನಿಮ್ಮ ಎಸ್‌ಎಂಎಸ್ ಯಾಕೆ?

ಕೋಡ್ ಒತ್ತಿಸಿ ಕಾಲ್ ಕದಿಯೋದು

ಇನ್ನೊಂದು ಬಾಗಿಲು ಕಾಲ್ ಫಾರ್ವರ್ಡಿಂಗ್. 'ಪಾರ್ಸಲ್ ಬಂದಿದೆ, ಡೆಲಿವರಿ ಹುಡುಗನ ಸಂಪರ್ಕಕ್ಕೆ ಈ ಕೋಡ್ ಒತ್ತಿ' ಅಂತ ಕಾಲ್ ಬರುತ್ತದೆ. ಕೋಡ್ *21* ಅಥವಾ *401* ಅಂತ ಶುರುವಾಗಿ ಮುಂದೆ ಒಂದು ಮೊಬೈಲ್ ನಂಬರ್ ಇರುತ್ತದೆ. ಒತ್ತಿದರೆ ನಿಮಗೆ ಬರೋ ಕಾಲ್ ಎಲ್ಲಾ ಆ ನಂಬರ್‌ಗೆ ತಿರುಗುತ್ತದೆ. ಆಮೇಲೆ ಅವರು ವಾಟ್ಸಾಪ್‌ನಲ್ಲಿ ನಿಮ್ಮ ನಂಬರ್ ಹಾಕಿ 'ಒಟಿಪಿಯನ್ನ ಕಾಲ್ ಮಾಡಿ ಹೇಳಿ' ಅಂತ ಕೇಳ್ತಾರೆ. ಕಾಲ್ ಅವರಿಗೇ ಹೋಗುತ್ತದೆ, ನಿಮ್ಮ ವಾಟ್ಸಾಪ್ ಅವರ ಕೈಗೆ ಸೇರುತ್ತದೆ. ಅಲ್ಲಿಂದ ನಿಮ್ಮ ಗಿರಾಕಿಗಳಿಗೆ, ನೆಂಟರಿಗೆ 'ಅರ್ಜೆಂಟ್ ದುಡ್ಡು ಹಾಕಿ' ಅಂತ ಮೆಸೇಜ್.

ಈ ಕಾರಣಕ್ಕೇ ಕೋಡ್ ಒತ್ತಿ ಕಾಲ್ ಫಾರ್ವರ್ಡ್ ಮಾಡೋ ಸೌಲಭ್ಯವನ್ನ 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತು. ಆದರೂ ಅದನ್ನೇ ನಂಬಿ ಕೂರೋದು ಬೇಡ. ಬೇರೆಯವರು ಹೇಳಿದ ಯಾವ ಕೋಡನ್ನೂ ಒತ್ತಬೇಡಿ.

ನಿಮ್ಮ ಫೋನ್‌ನಲ್ಲಿ ಫಾರ್ವರ್ಡ್ ಆಗಿದೆಯಾ ನೋಡಲು ಫೋನ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಕಾಲ್ ಫಾರ್ವರ್ಡಿಂಗ್' ತೆರೆಯಿರಿ. 'ಆಲ್ವೇಸ್ ಫಾರ್ವರ್ಡ್' ಆಫ್ ಇರಬೇಕು. ಅಲ್ಲಿ ಗೊತ್ತಿಲ್ಲದ ನಂಬರ್ ಇದ್ದರೆ ತಕ್ಷಣ ಆಫ್ ಮಾಡಿ. *#21# ಒತ್ತಿಯೂ ನೋಡಬಹುದು. ಎಲ್ಲಾ ಫಾರ್ವರ್ಡ್ ಒಟ್ಟಿಗೆ ರದ್ದು ಮಾಡೋಕೆ ಇರೋ ಕೋಡ್ ##002#. 'ಫೋನ್ ಸಿಗದಿದ್ದಾಗ' ಅನ್ನೋ ಕಡೆ ಮಾತ್ರ ಒಂದು ನಂಬರ್ ಇದ್ದರೆ ಹೆದರಬೇಡಿ, ಮಿಸ್ಡ್ ಕಾಲ್ ಮಾಹಿತಿ ಕೊಡೋಕೆ ಸಿಮ್ ಕಂಪನಿಯೇ ಅದನ್ನ ಹಾಕಿರುತ್ತದೆ ಎಷ್ಟೋ ಸಲ. ಅನುಮಾನ ಇದ್ದರೆ ಕಂಪನಿಯ ಕಸ್ಟಮರ್ ಕೇರ್‌ನಲ್ಲಿ ಆ ನಂಬರ್ ನಿಮ್ಮದೇನಾ ಅಂತ ಕೇಳಿ.

ದುಡ್ಡು ಹೋಗಿಬಿಟ್ಟರೆ?

ಸಿಸ್ಟಂ ಆ್ಯಪ್ ಕೆದಕುತ್ತಾ ಕೂರಬೇಡಿ, ಹೊತ್ತು ಮುಖ್ಯ. ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಆಫ್ ಮಾಡಿ. ಬೇರೆಯವರ ಫೋನ್‌ನಿಂದ 1930ಕ್ಕೆ ಕಾಲ್ ಮಾಡಿ, ಬ್ಯಾಂಕ್‌ಗೂ ತಿಳಿಸಿ ಖಾತೆ ತಡೆಹಿಡಿಸಿ. ಸಿಮ್ ತೆಗೆದು ಒಂದು ಕೀಪ್ಯಾಡ್ ಫೋನ್‌ಗೆ ಹಾಕಿಕೊಂಡರೆ ಬ್ಯಾಂಕ್ ಮೆಸೇಜ್ ನಿಮ್ಮ ಕೈಯಲ್ಲೇ ಇರುತ್ತದೆ, ಆ ಕಳ್ಳ ಆ್ಯಪ್‌ಗೆ ಸಿಗಲ್ಲ. ಬಂದ ಫೈಲ್, ಮೆಸೇಜ್, ನಂಬರ್ ಇವನ್ನ ಅಳಿಸೋ ಮುಂಚೆ ಇನ್ನೊಂದು ಫೋನ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಹತ್ತಿರದ ಠಾಣೆಗೆ, ಇಲ್ಲವೇ ಮಂಡ್ಯದ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ದುಡ್ಡು ಹೋಗಿಲ್ಲ, ಬರೀ ಅನುಮಾನದ ಕಾಲ್ ಬಂತು ಅಂದ್ರೆ ಕೇಂದ್ರ ಸರ್ಕಾರದ 'ಸಂಚಾರ್ ಸಾಥಿ'ಯ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು.

ಇವತ್ತೇ ಮಾಡಬಹುದಾದ್ದು ಇಷ್ಟು. ಅಂಗಡಿಯಲ್ಲಿ ಗಿರಾಕಿ ಕಮ್ಮಿ ಇರೋ ಹೊತ್ತಲ್ಲಿ ಐದು ನಿಮಿಷ ಕೂತು ಡಿಫಾಲ್ಟ್ ಆ್ಯಪ್, ಎಸ್‌ಎಂಎಸ್ ಪರ್ಮಿಶನ್, ಕಾಲ್ ಫಾರ್ವರ್ಡಿಂಗ್ ಈ ಮೂರನ್ನ ನೋಡಿ. ಮನೆಗೆ ಹೋದ ಮೇಲೆ ಅಪ್ಪ ಅಮ್ಮನ ಫೋನ್‌ನಲ್ಲೂ ನೋಡಿ. ಫೋನ್ ಜೊತೆ ಬಂದವರನ್ನ ಅವರ ಪಾಡಿಗೆ ಬಿಡಿ. ಆಮೇಲೆ ಬಂದು ಸೇರಿಕೊಂಡವರ ಮೇಲೆ ಒಂದು ಕಣ್ಣಿಡಿ.