ಸೀಮೆಬದನೆಯ ತವರಿನಲ್ಲಿ ಸಂಸಾರ

ಚಂದ್ರಾ ಲೇಔಟಿನ ತರಕಾರಿ ಅಂಗಡಿಯಲ್ಲಿ ಸೀಮೆಬದನೆಕಾಯಿ ಆರಿಸುತ್ತಿರುವವರನ್ನು ‘ಇದು ಯಾವ ಸೀಮೆಯದು?’ ಎಂದು ಕೇಳಿದರೆ ಥಟ್ಟನೆ ಉತ್ತರ ಸಿಗಲಾರದು. ಸೀಮೆಎಣ್ಣೆ, ಸೀಮೆಹಸುಗಳ ಹಾಗೆ ಇದೂ ಹೊರಗಿನಿಂದ ಬಂದದ್ದು ಎಂದಷ್ಟೇ ಅದರ ಅರ್ಥ. ತೆಲುಗರಿಗೆ ಇದು ‘ಬೆಂಗಳೂರು ವಂಕಾಯ’. ತಮಿಳರಲ್ಲೂ ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುವವರಿದ್ದಾರೆ. ಹೀಗೆ ನಮ್ಮ ಊರಿನ ಹೆಸರನ್ನೇ ಹೊತ್ತ ಈ ಕಾಯಿಯ ತವರು ಮಾತ್ರ ಮೆಕ್ಸಿಕೊ ಮತ್ತು ಅದರ ನೆರೆಯ ನಾಡುಗಳು. ಅಲ್ಲಿ ಇದರ ಹೆಸರು ‘ಚಯೋತೆ’.

ಈ ತವರಿಗೆ ಬೆಂಗಳೂರಿನವರು ಮನೆ ಹೂಡಲು ಹೋಗುವ ಹಾದಿ ಅಗಲವಾದದ್ದು ಸಾಫ್ಟ್‌ವೇರ್ ಉದ್ಯಮದಿಂದ. 2007ರಲ್ಲಿ ಇನ್ಫೋಸಿಸ್ ಮಾಂಟೆರ್ರೆ ನಗರದಲ್ಲಿ ತನ್ನ ಅಂಗಸಂಸ್ಥೆಯನ್ನು ಆರಂಭಿಸಿತು. ಅದೇ ವರ್ಷ ಟಾಟಾ ಕನ್ಸಲ್ಟೆನ್ಸಿ ಗ್ವಾದಲಹಾರದಲ್ಲಿ ಕೇಂದ್ರ ತೆರೆಯಿತು. ಪ್ರಾಜೆಕ್ಟಿನ ಮೇಲೆ ವರ್ಷ, ಎರಡು ವರ್ಷಕ್ಕೆಂದು ಹೊರಡುವ ಎಂಜಿನಿಯರಿಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆ. ಆದರೆ ಜೊತೆಗೆ ಹೋದ ಹೆಂಡತಿಗೋ ಗಂಡನಿಗೋ ಆ ಅನುಕೂಲವಿಲ್ಲ. ಗ್ಯಾಸಿನವನು, ನಲ್ಲಿ ರಿಪೇರಿಯವನು, ಮಗುವಿನ ಶಾಲೆಯ ಆಯಾ ಎಲ್ಲರೂ ಮಾತಾಡುವುದು ಸ್ಪ್ಯಾನಿಷ್. ಪರನಾಡಿಗೆ ಹೊಂದಿಕೊಳ್ಳುವ ಭಾರ ಹೆಚ್ಚಾಗಿ ಬೀಳುವುದು ಮನೆಯಲ್ಲಿರುವವರ ಮೇಲೆಯೇ.

ಮೊದಲ ತೊಡಕು ಹೆಸರಿನದು. ತಾತ್ಕಾಲಿಕ ನಿವಾಸದ ವೀಸಾದಲ್ಲಿ ಹೋದವರು ಆ ದೇಶಕ್ಕೆ ಕಾಲಿಟ್ಟ 30 ದಿನಗಳೊಳಗೆ ವಲಸೆ ಕಚೇರಿಗೆ ಹೋಗಿ ನಿವಾಸದ ಕಾರ್ಡಿಗೆ ಅರ್ಜಿ ಹಾಕಬೇಕು. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಕುಲನಾಮ, ಒಂದು ತಂದೆಯದು, ಒಂದು ತಾಯಿಯದು. ಊರಿನ ಹೆಸರು, ಅಪ್ಪನ ಹೆಸರುಗಳನ್ನು ಇನಿಷಿಯಲ್ ಮಾಡಿಕೊಂಡ ಕನ್ನಡಿಗ ಅರ್ಜಿಯ ಆ ಎರಡು ಚೌಕಗಳಿಗೆ ಏನು ತುಂಬಿಸಬೇಕು? 18 ಅಕ್ಷರ-ಅಂಕಿಗಳ ‘ಕುರ್ಪ್’ ಎಂಬ ಗುರುತಿನ ಸಂಖ್ಯೆಯಲ್ಲಿ ಎರಡನೆಯ ಕುಲನಾಮ ಇಲ್ಲದವರಿಗೆ ಆ ಜಾಗದಲ್ಲಿ ‘ಎಕ್ಸ್’ ಬೀಳುತ್ತದೆ. ಅಮ್ಮನ ಮನೆಯ ಹೆಸರನ್ನು ಯಾವತ್ತೂ ಬರೆದುಕೊಳ್ಳದವರಿಗೆ ಸರ್ಕಾರವೇ ಒಂದು ಎಕ್ಸ್ ದಯಪಾಲಿಸಿದಂತೆ!

ಎರಡನೆಯದು ಮಿಕ್ಸಿ. ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ಜೋಪಾನವಾಗಿ ಒಯ್ದ ಮಿಕ್ಸಿ ಅಲ್ಲಿ ನರಳುತ್ತದೆ. ನಮ್ಮ ವಿದ್ಯುತ್ 230 ವೋಲ್ಟ್, ಅಲ್ಲಿಯದು 127. ಟ್ರಾನ್ಸ್‌ಫಾರ್ಮರ್ ಇಲ್ಲದೆ ಚಟ್ನಿ ನುಣ್ಣಗಾಗದು. ಅಲ್ಲಿನ ಮನೆಗಳಲ್ಲಿ ಬಳಸುವ ಲಿಕ್ವಾದೋರಾ ಎಂಬ ಯಂತ್ರ ನೀರಾದ ಸಾರು, ಸಾಸ್‌ಗಳಿಗೆ ಸರಿ, ಗಟ್ಟಿ ದೋಸೆ ಹಿಟ್ಟಿಗೆ ಸೋಲುತ್ತದೆ. ಆದರೆ ಸಂತೆಗೆ ಹೋದರೆ ಮೂರು ಕಾಲಿನ ಕಪ್ಪು ಕಲ್ಲಿನ ಒರಳು ಕಾಣಿಸುತ್ತದೆ. ಹೆಸರು ಮೊಲ್ಕಹೆತೆ. ಅದರಲ್ಲಿ ಅರೆಯುವುದು ಮೆಣಸಿನಕಾಯಿ, ಟೊಮ್ಯಾಟೊ, ಬೆಳ್ಳುಳ್ಳಿ. ಅಜ್ಜಿಯ ಕಾಲದ ಖಾರದ ಚಟ್ನಿಯೇ.

ಆ ಸಂತೆಗೆ ‘ತ್ಯಾಂಗಿಸ್’ ಎನ್ನುತ್ತಾರೆ. ಸ್ಪೇನಿನವರು ಬರುವ ಮೊದಲಿನ ನಾವಾತ್ಲ್ ಭಾಷೆಯ ಪದ. ವಾರದ ಗೊತ್ತಾದ ದಿನ, ಗೊತ್ತಾದ ಬೀದಿ, ಮೇಲೆ ಬಣ್ಣದ ತಾಡಪಾಲು. ಅಲ್ಲಿ ರಾಶಿ ಬಿದ್ದಿರುವ ಪರಂಗಿ, ಸೀಬೆ, ಸಪೋಟ, ಟೊಮ್ಯಾಟೊ, ಮೆಣಸಿನಕಾಯಿಗಳೆಲ್ಲ ಬೆಂಗಳೂರಿನವರಿಗೆ ಮನೆಯವೇ, ಆದರೆ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ‘ಗ್ವಹೀಯೊ’ ಎಂಬ ಒಣಮೆಣಸಿನಕಾಯಿ ಬ್ಯಾಡಗಿಯಂತೆ ಬಣ್ಣ ಹೆಚ್ಚು, ಖಾರ ಕಡಿಮೆ. ಹುಣಸೆ, ಮಾವುಗಳಂತೂ ಸಮುದ್ರ ದಾಟಿ ಅಲ್ಲಿಗೆ ಹೋದವು. 1565ರಿಂದ 1815ರವರೆಗೆ ಮನಿಲಾ ಮತ್ತು ಅಕಾಪುಲ್ಕೊ ನಡುವೆ ಓಡಾಡಿದ ಸ್ಪೇನಿನ ಹಡಗುಗಳು ಏಷ್ಯದ ಸರಕುಗಳನ್ನು ಮೆಕ್ಸಿಕೊಗೆ ಮುಟ್ಟಿಸುತ್ತಿದ್ದವು. ನಮ್ಮ ಬಯಲುಸೀಮೆಯಲ್ಲಿ ಬೇಲಿಗೆ ಬಿಟ್ಟು ಮುಳ್ಳೆಂದು ಬೈಯುವ ಪಾಪಸುಕಳ್ಳಿಯ ದಾಯಾದಿಯನ್ನು ಅಲ್ಲಿ ಮುಳ್ಳು ಕೆರೆದು, ಹೆಚ್ಚಿ, ಪಲ್ಯ ಮಾಡುತ್ತಾರೆ. ಹೆಸರು ನೋಪಾಲ್. ಬೆಂಡೆಯಂತೆ ಲೋಳೆ ಬಿಡುತ್ತದೆ. ಹುರಿಯುವ ಹದ ಗೊತ್ತಿದ್ದರೆ ಸಾಕು.

ಇಲ್ಲಿಯೇ ಒಂದು ಸಂಗತಿ ಹೊಳೆಯುತ್ತದೆ. ಗಿಡಗಳು ಸಮುದ್ರ ದಾಟಿ ನಮ್ಮಲ್ಲಿಗೆ ಬಂದವು, ಅವನ್ನು ಬಳಸುವ ತಿಳಿವಳಿಕೆ ಎಲ್ಲವೂ ಬರಲಿಲ್ಲ. ಮೆಕ್ಕೆಜೋಳವೇ ಇದಕ್ಕೆ ಸಾಕ್ಷಿ. ದಾವಣಗೆರೆ, ಹಾವೇರಿಗಳಲ್ಲಿ ಅದನ್ನು ಬೆಳೆದು ಬಹುಪಾಲು ಕೋಳಿಯ ಆಹಾರಕ್ಕೆ ಕಳಿಸುತ್ತೇವೆ. ಮೆಕ್ಸಿಕೊದಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಿಟ್ಟು, ಸಿಪ್ಪೆ ತೊಳೆದು ಅರೆಯುತ್ತಾರೆ. ಎಲೆ ಅಡಿಕೆಗೆ ನಾವು ಹಚ್ಚುವ ಸುಣ್ಣವೇ ಅದು. ಹೀಗೆ ಮಾಡಿದ ಹಿಟ್ಟು ಅಂಟಾಗುತ್ತದೆ, ತೊರ್ತಿಯಾ ತಟ್ಟಲು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಳಿನಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಜೋಳ ಒಯ್ದು ಸುಣ್ಣ ಮರೆತ ಇಟಲಿ, ಸ್ಪೇನ್‌ಗಳ ಬಡವರು ‘ಪೆಲಾಗ್ರ’ ಎಂಬ ಕಾಯಿಲೆಯಿಂದ ಚರ್ಮ ಸುಲಿದು, ಬುದ್ಧಿ ಕೆಟ್ಟು ನರಳಿದರು. ಈ ಜೋಳದ ಮೇಲೆ ಮೆಕ್ಸಿಕೊದ ಚಪಿಂಗೊ ಕೃಷಿ ವಿದ್ಯಾಲಯದಲ್ಲಿ ಸಂಶೋಧನೆ ನಡೆಸಿದವರಲ್ಲಿ ಒಬ್ಬ ಭಾರತೀಯರೂ ಇದ್ದರು. ಬ್ರಿಟಿಷರಿಂದ ತಪ್ಪಿಸಿಕೊಂಡು ಹೋಗಿ 1924ರಲ್ಲಿ ಅಲ್ಲಿ ನೆಲೆಸಿದ ಗದರ್ ಪಕ್ಷದ ಕ್ರಾಂತಿಕಾರಿ, ಮರಾಠಿಗರಾದ ಪಾಂಡುರಂಗ ಖಾನಖೋಜೆ.

ಸಸ್ಯಾಹಾರಿಗಳಿಗೆ ಮಾತ್ರ ಈ ನಾಡಿನಲ್ಲಿ ಕಣ್ಣು ಮೋಸ ಮಾಡುತ್ತದೆ. ಮಾಂಟೆರ್ರೆ ಇರುವ ಉತ್ತರ ಭಾಗದಲ್ಲಿ ತೊರ್ತಿಯಾ ಗೋಧಿಯದೇ ಹೆಚ್ಚು, ನೋಡಲು ಥೇಟ್ ಚಪಾತಿ. ಆದರೆ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆತಿರಬಹುದು. ಅದನ್ನು ‘ಮಾಂತೆಕಾ’ ಎನ್ನುತ್ತಾರೆ. ಬೇಯಿಸಿ ಮಸೆದ ಕಾಳಿನಲ್ಲೂ ಅದೇ ಇರಬಹುದು, ಕೆಂಪನ್ನದಲ್ಲಿ ಕೋಳಿಯ ಕಟ್ಟು. ‘ಮಾಂಸ ಇದೆಯೇ?’ ಎಂದು ಕೇಳಿದರೆ ‘ಇಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಮಾಂಸವೆಂದರೆ ತುಂಡು, ಕೊಬ್ಬು ಮತ್ತು ಕಟ್ಟು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆಯೇ ಬೇರೆ: ‘ಮಾಂತೆಕಾ ಹಾಕಿದ್ದೀರಾ? ಕೋಳಿ ಕಟ್ಟು ಹಾಕಿದ್ದೀರಾ?’ ಊರಿನಿಂದ ಮೂರು ತಿಂಗಳಿಗೆಂದು ಬಂದ ಅತ್ತೆಯನ್ನು ಹೋಟೆಲಿಗೆ ಕರೆದೊಯ್ಯುವ ಸೊಸೆಗೆ ಈ ಎರಡು ವಾಕ್ಯಗಳು ವ್ಯಾಕರಣದ ಪುಸ್ತಕಕ್ಕಿಂತ ಹೆಚ್ಚು ಬೆಲೆಯವು.

ಭಾಷೆ ಅಷ್ಟೇನೂ ದೂರದ್ದಲ್ಲ. ಇಂಗ್ಲಿಷಿನಲ್ಲಿ ಕಳೆದುಹೋದ ‘ನೀನು’, ‘ನೀವು’ ಇಲ್ಲಿ ‘ತು’, ‘ಉಸ್ತೆದ್’ ಆಗಿ ಸಿಗುತ್ತವೆ. ಪಕ್ಕದ ಮನೆಯ ಅಜ್ಜಿಯನ್ನು ಹೇಗೆ ಮಾತಾಡಿಸಬೇಕೆಂದು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ‘ಅಹೊರಿತಾ’ ಎಂದರೆ ನಿಘಂಟಿನಲ್ಲಿ ‘ಈಗಲೇ’. ನಲ್ಲಿ ರಿಪೇರಿಯವನ ಬಾಯಲ್ಲಿ ಅದು ಹತ್ತು ನಿಮಿಷವೂ ಆಗಬಹುದು, ನಾಳೆಯೂ ಆಗಬಹುದು. ‘ಐದೇ ನಿಮಿಷ ಸಾರ್, ಬಂದೆ’ ಎಂಬುದನ್ನು ಕೇಳಿ ಬೆಳೆದವರಿಗೆ ಇದೇನು ಹೊಸದೇ?

ನವೆಂಬರ್ 1 ಮತ್ತು 2ರಂದು ಮೆಕ್ಸಿಕೊದಲ್ಲಿ ಸತ್ತವರ ಹಬ್ಬ. ಹಿರಿಯರ ಫೋಟೊ ಇಟ್ಟು, ಅವರಿಗೆ ಇಷ್ಟವಾದ ತಿಂಡಿ, ಪಾನೀಯಗಳನ್ನು ಮುಂದೆ ಜೋಡಿಸುತ್ತಾರೆ. ಹಳೆಯ ಮೈಸೂರಿನ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದನ್ನು ಕಂಡವರಿಗೆ ಇದರಲ್ಲಿ ಅಪರಿಚಿತವಾದದ್ದು ಕಡಿಮೆ. ಈ ಹಬ್ಬ 2008ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿತು. ಅದರ ಹೂವು ಸೆಂಪಸೂಚಿಲ್, ಅಂದರೆ ನಮ್ಮ ಚೆಂಡುಹೂವು, ಅದೂ ಮೆಕ್ಸಿಕೊದ್ದೇ. ಅಗಲಿದವರಿಗೆ ದಾರಿ ತೋರಲು ಅದರ ಎಸಳುಗಳನ್ನು ಬಾಗಿಲಿನಿಂದ ಒಳಗಿನವರೆಗೆ ಚೆಲ್ಲುತ್ತಾರೆ. ದೀಪಾವಳಿ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೆಂಗಳೂರಿನ ಸಂಸಾರ ಬಾಗಿಲಿಗೆ ಚೆಂಡುಹೂವಿನ ತೋರಣ ಕಟ್ಟುವುದನ್ನು ಕಂಡ ನೆರೆಮನೆಯವರು ‘ನಿಮ್ಮ ಮನೆಗೆ ಯಾರು ಬರುತ್ತಾರೆ, ಅಜ್ಜನೋ, ಅಜ್ಜಿಯೋ?’ ಎಂದು ಅಕ್ಕರೆಯಿಂದ ವಿಚಾರಿಸಿದರೆ ಅಚ್ಚರಿಪಡಬೇಕಾಗಿಲ್ಲ. ‘ಲಕ್ಷ್ಮಿ’ ಎಂದು ಉತ್ತರಿಸಿ, ಅವಳು ಯಾರೆಂದು ವಿವರಿಸುವಷ್ಟು ಸ್ಪ್ಯಾನಿಷ್ ಅಷ್ಟರಲ್ಲಿ ಬಂದಿರಬೇಕು.