ಕಂಪೆನಿ ಎದ್ದುಹೋದರೆ ರೇಸ್ ಉಳಿದೀತೆ?

ಕಾರು ಕಂಪೆನಿಗಳ ಆಸರೆಯಿಲ್ಲದೆ ಕಾರ್ ರೇಸ್ ನಡೆದೀತೆ? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ರೇಸ್ ಲೋಕವನ್ನು ಇದು ಪದೇ ಪದೇ ಕಾಡಿದೆ. ಕಂಪೆನಿಗೆ ರೇಸ್ ಬಹುಮಟ್ಟಿಗೆ ಜಾಹೀರಾತು. ಗೆದ್ದರೆ ಕಾರು ಮಾರಾಟವಾದೀತೆಂಬ ಲೆಕ್ಕ. ಆ ಲೆಕ್ಕ ತಪ್ಪಿದ ದಿನ ಆಡಳಿತ ಮಂಡಳಿ ಸಭೆ ಸೇರುತ್ತದೆ, ಬಾಗಿಲು ಮುಚ್ಚುತ್ತದೆ.

2008ರ ಡಿಸೆಂಬರಿನಲ್ಲಿ ಆದದ್ದು ಇದೇ. ಆರ್ಥಿಕ ಕುಸಿತದ ಹೊಡೆತಕ್ಕೆ ಹೋಂಡಾ ಫಾರ್ಮುಲಾ ಒನ್ ತೊರೆಯಿತು. ತಂಡದ ನೂರಾರು ನೌಕರರು ಅತಂತ್ರರಾದರು. ಮುಖ್ಯಸ್ಥ ರಾಸ್ ಬ್ರಾನ್ ಮತ್ತು ಸಂಗಡಿಗರು ತಂಡವನ್ನು ವಹಿಸಿಕೊಂಡು, ಮರ್ಸಿಡಿಸ್ ಎಂಜಿನ್ ಕೊಂಡು ಜೋಡಿಸಿ, 2009ರಲ್ಲಿ ಚಾಲಕ ಮತ್ತು ತಂಡ ಎರಡೂ ಪ್ರಶಸ್ತಿಗಳನ್ನು ಗೆದ್ದರು. ಅದೇ ವರ್ಷ ಬಿಎಂಡಬ್ಲ್ಯು, ಟೊಯೋಟಾ ಕೂಡ ಹೊರನಡೆದವು. ರೇಸ್ ಮಾತ್ರ ನಿಲ್ಲಲಿಲ್ಲ.

ಎಂಜಿನ್ ಕೊಂಡು ಓಡಿಸುವ ಈ ಹಾದಿ ಹಳೆಯದು. ಇಂಗ್ಲೆಂಡಿನ ಕಾಸ್ವರ್ತ್ ಎಂಬ ಪುಟ್ಟ ಸಂಸ್ಥೆಯ ಕೀತ್ ಡಕ್‌ವರ್ತ್ 1967ರಲ್ಲಿ ಡಿಎಫ್‌ವಿ ಎಂಬ ಎಂಜಿನ್ ರೂಪಿಸಿದರು. ಅದಕ್ಕೆ 1 ಲಕ್ಷ ಪೌಂಡ್ ಕೊಟ್ಟದ್ದು ಫೋರ್ಡ್. ಮೊದಲ ವರ್ಷ ಲೋಟಸ್ ತಂಡಕ್ಕಷ್ಟೇ ಮೀಸಲಾಗಿದ್ದ ಈ ಎಂಜಿನ್ 1968ರಿಂದ ಬೇರೆ ತಂಡಗಳಿಗೂ ದೊರೆಯಿತು. ಎಂಜಿನ್ ಕಾರ್ಖಾನೆ ಇಲ್ಲದವರೂ ಕಾರು ಕಟ್ಟಿ ಕಣಕ್ಕಿಳಿದರು. ಮೆಕ್‌ಲಾರೆನ್, ಟಿರೆಲ್, ವಿಲಿಯಮ್ಸ್ ತಂಡಗಳು ಮೇಲೆ ಬಂದದ್ದು ಹೀಗೆ. 1983ರ ವೇಳೆಗೆ ಡಿಎಫ್‌ವಿ 155 ಗ್ರ್ಯಾನ್ ಪ್ರಿ ಗೆದ್ದಿತ್ತು. ರೆನೊ 1977ರಲ್ಲಿ ತಂದ ಟರ್ಬೊ ಎಂಜಿನ್ ಕ್ರಮೇಣ ಅದರ ಯುಗ ಮುಗಿಸಿತು. ದೊಡ್ಡ ಕಂಪೆನಿಗಳ ಹಣದ ಬಲವೇ ಮತ್ತೆ ಮುಂದಾಯಿತು.

ಇದಕ್ಕೆ ವಿರುದ್ಧವಾದ ಪಾಠ ಜರ್ಮನಿಯ ಡಿಟಿಎಂ ಸರಣಿಯದು. ಅಲ್ಲಿ ಕಂಪೆನಿಗಳೇ ಸರ್ವಸ್ವವಾಗಿದ್ದವು. 1996ರ ಕೊನೆಗೆ ಓಪೆಲ್ ಮತ್ತು ಆಲ್ಫಾ ರೋಮಿಯೊ ಎದ್ದುಹೋದಾಗ ಉಳಿದದ್ದು ಮರ್ಸಿಡಿಸ್ ಒಂದೇ. ಒಬ್ಬನೇ ಯಾರೊಡನೆ ಓಡಿಯಾನು? ಸರಣಿ ನಿಂತಿತು. 2000ದಲ್ಲಿ ಮತ್ತೆ ಆರಂಭವಾದರೂ ಪಾಠ ಕಲಿಯಲಿಲ್ಲ. 2018ರ ಕೊನೆಗೆ ಮರ್ಸಿಡಿಸ್, 2020ರ ಕೊನೆಗೆ ಔಡಿ ಹೊರಟವು. ಆಗ ಸಂಘಟಕರು ದಾರಿ ಬದಲಿಸಿ, 2021ರಿಂದ ಜಿಟಿ3 ವರ್ಗದ ಕಾರುಗಳನ್ನು ತಂದರು. ಇವುಗಳನ್ನು ಕಂಪೆನಿಗಳು ತಯಾರಿಸಿ ಮಾರುತ್ತವೆ, ಖಾಸಗಿ ತಂಡಗಳು ಕೊಂಡು ಓಡಿಸುತ್ತವೆ. ಒಂದು ಕಾರು ತೀರಾ ಮುಂದೆ ಹೋಗದಂತೆ ತೂಕ, ಶಕ್ತಿಗಳನ್ನು ಸರಿದೂಗಿಸುವ ನಿಯಮವೂ ಇದೆ.

ಗಮನಿಸಿ: ಈ ಯಾವ ಕಥೆಯಲ್ಲೂ ಕಂಪೆನಿ ಪೂರ್ತಿ ಮರೆಯಾಗಿಲ್ಲ. ಬ್ರಾನ್ ಗೆದ್ದ ಕಾರಿನ ವಿನ್ಯಾಸಕ್ಕೂ ಹೋಂಡಾದ ಹಣವೇ ಹರಿದಿತ್ತು. ಆದರೆ ಕಂಪೆನಿ ಅಂಗಡಿಯವನಾಗಿ ಉಳಿದಲ್ಲಿ ರೇಸ್ ಬಾಳಿತು. ಮನೆಯ ಯಜಮಾನನಾದಲ್ಲಿ ಅದರ ಆಯಸ್ಸು ದೂರದ ಆಡಳಿತ ಮಂಡಳಿಯ ಕೈಸೇರಿತು. ಒಂದು ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿಗೆ ಹೋಗಬಹುದು. ಯಜಮಾನನೇ ಎದ್ದುಹೋದರೆ ಮನೆಮಂದಿಯೆಲ್ಲ ಬೀದಿಗೆ.